ಬದುವಿನ ಬ್ರಾಹ್ಮಿ

ತುಂಗಭದ್ರಾ ಕಾಲುವೆಯ ನೀರುಂಡ ಸಿರುಗುಪ್ಪ, ಕುರುಗೋಡುಗಳಲ್ಲಿ ಭತ್ತದ ಗದ್ದೆಗಳು ಹಬ್ಬಿವೆ. ಇಂಥ ಗದ್ದೆಗಳ ತೇವದ ಬದುಗಳೇ ನೀರುಬ್ರಾಹ್ಮಿಗೆ ಒಗ್ಗುವ ನೆಲೆ. ಆದರೆ ಕಳೆನಾಶಕಕ್ಕೆ ಅದೂ ಕಳೆಯೇ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣ್ಣುನೊಣಗಳಿಗೆ ರೊಟೆನೋನ್ ಎಂಬ ಕೀಟನಾಶಕವನ್ನು ಉಣಿಸಿದ್ದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ಕೆಲಸವನ್ನು ಅದು ತಡೆಯುತ್ತದೆ. ಮೆದುಳಿನ ಕೋಶಗಳು ನಲುಗಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಲಕ್ಷಣಗಳು ತಲೆದೋರುತ್ತವೆ. ಬ್ರಾಹ್ಮಿಯ ಸಾರವನ್ನೂ ಸೇವಿಸಿದ ನೊಣಗಳಲ್ಲಿ ಈ ಹಾನಿ ತಗ್ಗಿತು.

ರೊಟೆನೋನ್ ಕೂಡ ಗಿಡದ ಬೇರಿನಿಂದ ಬಂದದ್ದೇ, ಸಸ್ಯಜನ್ಯವೆಲ್ಲ ನಿರಪಾಯವಲ್ಲ. ನೊಣಕ್ಕೆ ಒದಗಿದ್ದು ಮನುಷ್ಯನಿಗೂ ಮದ್ದೆಂದು ಸಾರುವುದೂ ಸಲ್ಲದು. ಆದರೂ ಬಳ್ಳಾರಿಯ ಪೇಟೆಯಿಂದ ಕಳೆನಾಶಕ ಒಯ್ಯುವ ರೈತಬಾಂಧವರು ಒಂದು ಬದುವನ್ನಾದರೂ ಸಿಂಪಡಿಸದೆ ಉಳಿಸಲಿ. ಅಳಿದ ಸಸ್ಯವನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು.