ದೇವರಿಗೆ ಬರೆದಿಟ್ಟ ಆಸ್ತಿಗೆ ತೆರಿಗೆ ವಿನಾಯಿತಿ: ಅದರಲ್ಲಿ ನಮ್ಮ ಪಾಲೂ ಇದೆ

ನಮ್ಮ ಕೇರಿಗಳಲ್ಲಿ ವಿಲ್ ಬರೆದಿಟ್ಟು ಸತ್ತವರು ಎಷ್ಟು ಜನ ಇದ್ದಾರೆ ಲೆಕ್ಕ ಹಾಕಿ. ಬೆರಳು ಮಡಚುವಷ್ಟೂ ಇರಲ್ಲ. ಬರೆಯೋಕೆ ಆಸ್ತಿ ಇರಬೇಕಲ್ಲ. ಹಾಗಾಗಿ ವಿಲ್ಲು, ಟ್ರಸ್ಟು, ತೆರಿಗೆ ವಿನಾಯಿತಿ ಅಂದ ತಕ್ಷಣ "ಅದು ಸಾಹುಕಾರರ ತಲೆನೋವು, ನಮಗ್ಯಾಕೆ" ಅಂತ ನಮ್ಮ ಹುಡುಗರು ಪುಟ ತಿರುಗಿಸಿಬಿಡ್ತಾರೆ. ಇದು ನಮಗೇ ಬೇಕಾದ ವಿಷಯ ಅಂತ ಹೇಳೋಕೆ ಈ ಬರಹ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಒಬ್ಬ ಭೂಮಾಲೀಕ ಸಾಯುವ ಮುಂಚೆ ತನ್ನ ತೋಟ, ಪೇಟೆ ಬೀದಿಯ 2 ಮಳಿಗೆಗಳನ್ನು ಊರ ದೇವಸ್ಥಾನದ ಟ್ರಸ್ಟಿಗೆ ಬರೆದಿಟ್ಟ ಅಂದುಕೊಳ್ಳಿ. ಇದು ದಾನವಾ? ಸರ್ಕಾರ ಇದಕ್ಕೆ ತೆರಿಗೆ ಬಿಡಬೇಕಾ?

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಸತ್ತವರ ಆಸ್ತಿಯ ಮೇಲಿನ ತೆರಿಗೆ, ಅಂದರೆ ಎಸ್ಟೇಟ್ ಡ್ಯೂಟಿ, ನಮ್ಮ ದೇಶಕ್ಕೆ 1953ರಲ್ಲಿ ಬಂತು, 1985ರಲ್ಲಿ ಹೋಯ್ತು. ಈಗ ವಿಲ್ ಮೂಲಕ ಆಸ್ತಿ ಕೈ ಬದಲಾದಾಗ ಆದಾಯ ತೆರಿಗೆ ಬೀಳಲ್ಲ. ಮಗನಿಗೆ ಬರೆದರೂ ಇಲ್ಲ, ಮಠಕ್ಕೆ ಬರೆದರೂ ಇಲ್ಲ. ವ್ಯತ್ಯಾಸ ಶುರುವಾಗೋದು ಆಮೇಲೆ. ಮಗನಿಗೆ ಬಂದ ಮಳಿಗೆಯ ಬಾಡಿಗೆಗೆ ಮಗ ವರ್ಷಾ ವರ್ಷ ತೆರಿಗೆ ಕಟ್ಟಬೇಕು. ಅದೇ ಮಳಿಗೆ ನೋಂದಣಿಯಾದ ಧಾರ್ಮಿಕ ಟ್ರಸ್ಟಿಗೆ ಹೋದರೆ, ಬಂದ ಬಾಡಿಗೆಯನ್ನು ನಿಯಮದ ಪ್ರಕಾರ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡಿದರೆ ತೆರಿಗೆ ಇಲ್ಲ. ಒಂದು ವರ್ಷಕ್ಕಲ್ಲ, ಸೂರ್ಯ ಚಂದ್ರ ಇರೋವರೆಗೂ.

ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಶಾಸನಗಳಲ್ಲಿ ಓದಿರ್ತೀರಿ. ದೇವಸ್ಥಾನಕ್ಕೆ, ಅಗ್ರಹಾರಕ್ಕೆ ರಾಜರು ಕೊಟ್ಟ ಭೂಮಿ 'ಸರ್ವಮಾನ್ಯ'. ಯಾವ ತೆರಿಗೆಯೂ ಇಲ್ಲದ ಭೂಮಿ. ಅದನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲಿ ಅನ್ನೋ ಶಾಪವನ್ನೂ ಕಲ್ಲಿನ ಮೇಲೆ ಕೊರೆಸಿದ್ದಾರೆ. ಅದೇ ಊರಿನಲ್ಲಿ ನಮ್ಮ ತೋಟಿಗಳಿಗೂ ಇನಾಂ ಭೂಮಿ ಇತ್ತು. ಆದರೆ ಅದು ಚಾಕರಿಯ ಭೂಮಿ. ಸತ್ತ ದನ ಎಳೆಯೋದು, ಊರಿಗೆಲ್ಲ ಸಾವಿನ ಸುದ್ದಿ ಮುಟ್ಟಿಸೋದು, ಕರೆದಾಗ ಓಡಿ ಬರೋದು. ಚಾಕರಿ ಬಿಟ್ಟರೆ ಭೂಮಿಯೂ ಇಲ್ಲ. ಒಬ್ಬರಿಗೆ ಹುಟ್ಟಿದ್ದಕ್ಕೇ ತೆರಿಗೆ ಮಾಫಿ, ಇನ್ನೊಬ್ಬರಿಗೆ ಹುಟ್ಟಿದ್ದೇ ತೆರಿಗೆ. ಧಾರ್ಮಿಕ ಮತ್ತು ದತ್ತಿ ಇನಾಂಗಳನ್ನು ಮೈಸೂರು ಸರ್ಕಾರ ರದ್ದು ಮಾಡೋ ಕಾಯ್ದೆ ತಂದಿದ್ದು 1955ರಲ್ಲಿ. ಗ್ರಾಮ ಚಾಕರಿ ಹುದ್ದೆಗಳ ರದ್ದತಿ ಕಾಯ್ದೆ 1961ರದ್ದು. ಸರ್ವಮಾನ್ಯ ಅನ್ನೋ ಪದ ಹೋಯ್ತು. ಅದರ ಹಿಂದಿನ ಲೆಕ್ಕಾಚಾರ ಹೋಯ್ತಾ ಅನ್ನೋದು ನನ್ನ ಪ್ರಶ್ನೆ.

ಇಲ್ಲಿ 'ಧರ್ಮ' ಅನ್ನೋ ಪದದ ಆಟವೂ ಒಂದಿದೆ. ನಮ್ಮ ಭಾಷೆಯಲ್ಲಿ ಭಿಕ್ಷೆ ಬೇಡೋನು "ಧರ್ಮ ಮಾಡಿ ಸ್ವಾಮಿ" ಅಂತಾನೆ. ಧರ್ಮಾಸ್ಪತ್ರೆ, ಧರ್ಮಛತ್ರ, ಧರ್ಮದೇಟು, ಎಲ್ಲಾ ಧರ್ಮವೇ. 1899ರಲ್ಲಿ ಮುಂಬೈ ಕಡೆಯ ಒಂದು ವಿಲ್ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯ್ತು. ಆಸ್ತಿಯನ್ನು 'ಧರ್ಮ'ಕ್ಕೆ ಅಂತ ಬರೆದಿದ್ದರು. ಈ ಪದಕ್ಕೆ ಗೊತ್ತಾದ ಅರ್ಥವೇ ಇಲ್ಲ, ಆದ್ದರಿಂದ ಈ ದಾನ ಊರ್ಜಿತವಲ್ಲ ಅಂತ ತೀರ್ಪಾಯ್ತು. ಬ್ರಿಟಿಷ್ ಜಡ್ಜುಗಳು ಎಷ್ಟೋ ವಿಷಯದಲ್ಲಿ ನಮ್ಮನ್ನು ಅರ್ಥ ಮಾಡಿಕೊಳ್ಳಲಿಲ್ಲ, ನಿಜ. ಆದರೆ ಇಲ್ಲಿ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಧರ್ಮ ಅಂದ್ರೆ ಯಾರ ಹೊಟ್ಟೆಗೆ? ಯಾರ ಗುಡಿಗೆ?

ಆದಾಯ ತೆರಿಗೆ ಕಾನೂನಿನ ಒಳಗೂ ಇದೇ ಗೊಂದಲ. ದಾನ ಕೊಡೋನ ಕಡೆಯಿಂದ ನೋಡಿದರೆ ಧಾರ್ಮಿಕ ಕೆಲಸ ಬೇರೆ, ದಾನ ಬೇರೆ. 80ಜಿ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿದೆ: ಪೂರ್ತಿ ಅಥವಾ ಬಹುಪಾಲು ಧಾರ್ಮಿಕವಾದ ಉದ್ದೇಶ ದತ್ತಿ ಅಲ್ಲ. 80ಜಿ ಮಾನ್ಯತೆ ಇರೋ ಸಂಸ್ಥೆ ತನ್ನ ಆದಾಯದ ಶೇ. 5ರಷ್ಟನ್ನು ಮಾತ್ರ ಧಾರ್ಮಿಕ ಕೆಲಸಕ್ಕೆ ಬಳಸಬಹುದು. ಇದಕ್ಕೂ ಒಂದು ಕಿಟಕಿ ಬಿಟ್ಟಿದ್ದಾರೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಹೆಸರಾಂತ ದೇವಸ್ಥಾನ, ಮಸೀದಿ, ಚರ್ಚು, ಗುರುದ್ವಾರಗಳ ಜೀರ್ಣೋದ್ಧಾರಕ್ಕೆ ಕೊಟ್ಟರೆ ಅರ್ಧದಷ್ಟು ಕಡಿತ ಸಿಗುತ್ತೆ.

ಟ್ರಸ್ಟಿನ ಕಡೆಯಿಂದ ನೋಡಿದರೆ ಕಥೆ ಬೇರೆ. 1961ರ ಕಾಯ್ದೆಯ 11ನೇ ಸೆಕ್ಷನ್ 'ದತ್ತಿ ಅಥವಾ ಧಾರ್ಮಿಕ ಉದ್ದೇಶ' ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ವಿನಾಯಿತಿ ಕೊಡುತ್ತೆ. ಅಂದ್ರೆ ಗುಡಿಗೆ ಬರೆದಿಟ್ಟ ಮಳಿಗೆ 'ದತ್ತಿ' ಆಗದಿದ್ದರೂ ಪರವಾಗಿಲ್ಲ, 'ಧಾರ್ಮಿಕ' ಆದರೆ ಸಾಕು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯ ಲೆಕ್ಕ. ಸೆಕ್ಷನ್ ನಂಬರುಗಳು ಬದಲು. ಎಲ್ಲರಿಗೂ ಬಾಯಿಗೆ ಬಂದಿರೋದು ಹಳೇ ನಂಬರು ಅಂತ ಅದನ್ನೇ ಬಳಸ್ತಿದ್ದೀನಿ.)

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1962ರ ಏಪ್ರಿಲ್ ನಂತರ ಶುರುವಾದ ಒಂದು ದತ್ತಿ ಟ್ರಸ್ಟು "ನಮ್ಮ ಜಾತಿಯ ಮಕ್ಕಳಿಗೆ ಮಾತ್ರ ಸ್ಕಾಲರ್‌ಶಿಪ್" ಅಂದರೆ ವಿನಾಯಿತಿ ಹೋಗುತ್ತೆ. 13ನೇ ಸೆಕ್ಷನ್ ಅದನ್ನು ತಡೆಯುತ್ತೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇರೋ ಟ್ರಸ್ಟುಗಳಿಗೆ ಮಾತ್ರ ಈ ತಡೆ ಇಲ್ಲ. ಇದು ನಮ್ಮ ಸಂಘಟನೆಗಳಿಗೆ ಸರಿಯಾಗಿ ಗೊತ್ತಿರಬೇಕಾದ ಹಕ್ಕು. ಆದರೆ ಈ ತಡೆ ಇರೋದು ದತ್ತಿ ಟ್ರಸ್ಟಿಗೆ. ಪೂರ್ತಿ ಧಾರ್ಮಿಕವಾದ ಟ್ರಸ್ಟಿಗೆ ಅದು ಅನ್ವಯಿಸಲ್ಲ. ಅಲ್ಲಿರೋ ಷರತ್ತು ಒಂದೇ: 'ಖಾಸಗಿ' ಧಾರ್ಮಿಕ ಉದ್ದೇಶ ಆಗಿರಬಾರದು, ಸಾರ್ವಜನಿಕರಿಗೆ ಉಪಯೋಗ ಆಗಬೇಕು. ಸಾರ್ವಜನಿಕರು ಅಂದ್ರೆ ಯಾರು? ಅಹಮದಾಬಾದಿನ ರಾಣಾ ಜಾತಿ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿದ್ದು, ಒಂದು ಊರಿನ ಒಂದು ಜಾತಿಯೂ ಸಾರ್ವಜನಿಕರ ಒಂದು ಭಾಗವೇ ಅಂತ.

ಇವೆರಡನ್ನೂ ಜೋಡಿಸಿ ಓದಿ. ಜಾತಿ ನೋಡಿ ಅಕ್ಷರ ಹಂಚಿದರೆ ತೆರಿಗೆ ಬೀಳುತ್ತೆ. ಜಾತಿ ನೋಡಿ ತೀರ್ಥ ಹಂಚಿದರೆ ಬೀಳಲ್ಲ!

ಹುಂಡಿ ವಿಷಯವೂ ಹೀಗೇ. ಹೆಸರಿಲ್ಲದ ದಾನಕ್ಕೆ 115ಬಿಬಿಸಿ ಪ್ರಕಾರ ಶೇ. 30 ತೆರಿಗೆ ಇದೆ. ಒಂದು ದಲಿತ ವಿದ್ಯಾರ್ಥಿನಿಲಯದ ಟ್ರಸ್ಟು ಡಬ್ಬಿ ಇಟ್ಟು ಹಣ ಕೂಡಿಸಿದರೆ, 1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ. 5, ಯಾವುದು ಹೆಚ್ಚೋ ಅದನ್ನು ಮೀರಿದ್ದಕ್ಕೆ ತೆರಿಗೆ ಕಟ್ಟಬೇಕು. ಪೂರ್ತಿ ಧಾರ್ಮಿಕ ಸಂಸ್ಥೆಯ ಹುಂಡಿಗೆ ಇದು ಅನ್ವಯಿಸಲ್ಲ. ದೇವರ ಡಬ್ಬಿಗೆ ಹೆಸರು ಬೇಡ, ಮಕ್ಕಳ ಡಬ್ಬಿಗೆ ಬೇಕು.

"ದೇವರಿಗೆ ಟ್ಯಾಕ್ಸ್ ಹಾಕ್ತೀಯೇನೋ" ಅಂತ ಕೇಳೋರು ಇರ್ತಾರೆ. ದೇವರನ್ನೂ ತೆರಿಗೆ ಕಾನೂನಿನಲ್ಲಿ ಒಬ್ಬ ವ್ಯಕ್ತಿ ಅಂತ ಪರಿಗಣಿಸಿ ತೆರಿಗೆ ಲೆಕ್ಕ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿಯಾಗಿದೆ. ಹಾಗಾಗಿ ವಿನಾಯಿತಿ ಅನ್ನೋದು ದೇವರ ಹುಟ್ಟುಗುಣ ಅಲ್ಲ, ಸರ್ಕಾರ ಕೊಟ್ಟ ಸವಲತ್ತು. ಸರ್ಕಾರ ಯಾರ ದುಡ್ಡಿನಿಂದ ಕೊಡುತ್ತೆ? ಕೂಲಿ ಮಾಡೋ ನಮ್ಮ ಅಕ್ಕ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಶೇ. 18 ಜಿಎಸ್‌ಟಿ ಕೊಡ್ತಾಳೆ. ಅವಳಿಗೆ ವಿನಾಯಿತಿ ಇಲ್ಲ. ಒಬ್ಬರಿಗೆ ಬಿಟ್ಟ ತೆರಿಗೆಯ ಭಾರವನ್ನು ಇನ್ನೊಬ್ಬರು ಹೊರಲೇಬೇಕು. ಆ ಅಕ್ಕನನ್ನು ಗುಡಿ ಬಾಗಿಲಲ್ಲಿ ನಿಲ್ಲಿಸಿದ ಮೇಲೆ, ಅವಳ ಪಾಲಿನ ದುಡ್ಡಿನಲ್ಲಿ ಗುಡಿಗೆ ಸವಲತ್ತು ಕೊಡೋದು ಯಾವ ಸೀಮೆ ಸಾರ್ವಜನಿಕ ಹಿತ?

ಇದು ಹಳೇ ಕಾಲದ ಮಾತು ಅನ್ನಬೇಡಿ. 2021ರಲ್ಲಿ ಕೊಪ್ಪಳ ಜಿಲ್ಲೆ ಮಿಯಾಪುರದಲ್ಲಿ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿತು ಅಂತ ಆ ಮನೆಯವರಿಗೆ ದಂಡ ಹಾಕಿದರು. 2022ರಲ್ಲಿ ಮಾಲೂರು ತಾಲೂಕು ಉಳ್ಳೇರಹಳ್ಳಿಯಲ್ಲಿ ಹುಡುಗನೊಬ್ಬ ದೇವರ ಉತ್ಸವದ ಕೋಲು ಮುಟ್ಟಿದ ಅಂತ 60 ಸಾವಿರ ದಂಡ ಕೇಳಿದರು. 2024ರ ನವೆಂಬರಿನಲ್ಲಿ ಮಂಡ್ಯದ ಹನಕೆರೆಯಲ್ಲಿ ದಲಿತರು ಗುಡಿ ಪ್ರವೇಶ ಮಾಡಿದ್ದಕ್ಕೆ ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ಎತ್ತಿಕೊಂಡು ಹೋದರು. ಇಂಥ ಸಣ್ಣ ಊರ ಗುಡಿಗಳ ಆದಾಯ ತೆರಿಗೆ ಮಿತಿಯನ್ನೇ ಮುಟ್ಟಲಿಕ್ಕಿಲ್ಲ, ಒಪ್ತೀನಿ. ಆದರೆ ಇದೇ ಮನಸ್ಸು ದೊಡ್ಡ ಸಂಸ್ಥೆಗಳಲ್ಲಿ ಇಲ್ಲವಾ? ಅಲ್ಲಿ ದಂಡ ಹಾಕಲ್ಲ, ಪಂಕ್ತಿ ಬೇರೆ ಮಾಡ್ತಾರೆ.

ಬೇರೆ ದೇಶಗಳಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ಅಮೆರಿಕದಲ್ಲಿ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಅಂತ ಒಂದು ಕ್ರೈಸ್ತ ಸಂಸ್ಥೆ. ಕರಿಯರು ಬಿಳಿಯರು ಪ್ರೀತಿಸಬಾರದು, ಮದುವೆ ಆಗಬಾರದು, ಇದು ನಮ್ಮ ಧಾರ್ಮಿಕ ನಂಬಿಕೆ ಅಂತ ನಿಯಮ ಮಾಡಿತ್ತು. ತೆರಿಗೆ ಇಲಾಖೆ ವಿನಾಯಿತಿ ಕಿತ್ತುಕೊಂಡಿತು. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಂಬಿಕೆ ಇಟ್ಟುಕೊಳ್ಳಿ, ಆದರೆ ಜನಾಂಗಭೇದ ಮಾಡುತ್ತಾ ಸಾರ್ವಜನಿಕ ಸವಲತ್ತು ಕೇಳಬೇಡಿ ಅನ್ನೋದು ಆ ತೀರ್ಪಿನ ತಿರುಳು. ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿಯ ಮೇಲೆ ಈಗಲೂ ಶೇ. 40ರ ತೆರಿಗೆ ಇದೆ, ಚಾರಿಟಿಗೆ ಬರೆದಿಟ್ಟರೆ ಅದಕ್ಕೆ ಮಾಫಿ. ಧರ್ಮದ ಏಳಿಗೆಯೂ ಚಾರಿಟಿಯೇ ಅಂತ ಅಲ್ಲಿ 1891ರ ತೀರ್ಪಿನ ಕಾಲದಿಂದ ಇದೆ. ಆದರೆ 2006ರ ಕಾಯ್ದೆ ಒಂದು ಮಾತು ಸೇರಿಸಿತು: ಧರ್ಮ ಅಂದ ಮಾತ್ರಕ್ಕೆ ಸಾರ್ವಜನಿಕ ಹಿತ ಅಂತ ಊಹಿಸುವ ಹಾಗಿಲ್ಲ, ಅದನ್ನು ತೋರಿಸಬೇಕು.

ನಾವು ಪರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ತೆಗೆದು 9ನೇ ಸೆಕ್ಷನ್ ಓದಿ. ಸರ್ಕಾರದಿಂದ ಭೂಮಿ ಅಥವಾ ಹಣದ ಅನುದಾನ ಪಡೆದ ಪೂಜಾಸ್ಥಳದ ಟ್ರಸ್ಟಿಗೆ ಅಸ್ಪೃಶ್ಯತೆಯ ಅಪರಾಧದಲ್ಲಿ ಶಿಕ್ಷೆಯಾದರೆ, ಸರ್ಕಾರ ಆ ಅನುದಾನವನ್ನು ತಡೆಹಿಡಿಯಬಹುದು, ವಾಪಸ್ ಪಡೆಯಬಹುದು. 70 ವರ್ಷದ ಹಿಂದೆಯೇ ಸಂಸತ್ತು ಇದನ್ನು ಒಪ್ಪಿದೆ. ತೆರಿಗೆ ವಿನಾಯಿತಿಯೂ ಒಂದು ಅನುದಾನವೇ. ಕೈಗೆ ಕೊಡೋ ಬದಲು ಕೈಯಿಂದ ತೆಗೆದುಕೊಳ್ಳದೇ ಬಿಡೋದು, ಅಷ್ಟೇ ವ್ಯತ್ಯಾಸ.

"ಮಠಗಳು ಅನ್ನ ಅಕ್ಷರ ಕೊಟ್ಟಿಲ್ವಾ" ಅಂತ ಕೇಳ್ತೀರಿ. ಕೊಟ್ಟಿವೆ. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಉಂಡು ಓದಿದ್ದಾರೆ. ಅದು ದಾನ, ಅದಕ್ಕೆ ವಿನಾಯಿತಿ ಇರಲಿ. ನಾನು ಕೇಳ್ತಿರೋದು ಅಳತೆಗೋಲು ಮಾತ್ರ. ಬಾಗಿಲು ಯಾರಿಗೆ ತೆರೆದಿದೆ ಅಂತ ನೋಡಿ ವಿನಾಯಿತಿ ಕೊಡಿ. ಈ ನಿಯಮ ದೇವಸ್ಥಾನಕ್ಕೆ ಮಾತ್ರವೂ ಬೇಡ. ದಲಿತ ಕ್ರೈಸ್ತರಿಗೆ ಬೇರೆ ಸ್ಮಶಾನ ಮಾಡೋ ಚರ್ಚಿಗೂ ಇರಲಿ, ದರ್ಗಾಕ್ಕೂ ಇರಲಿ, ನಮ್ಮ ಬುದ್ಧ ವಿಹಾರಕ್ಕೂ ಇರಲಿ.

ನಮ್ಮ ಒತ್ತಾಯ ಹೀಗಿರಲಿ:

1. ಧಾರ್ಮಿಕ ಟ್ರಸ್ಟುಗಳು ಪ್ರವೇಶ, ಪೂಜೆ, ಊಟ, ನೇಮಕಾತಿ ಇವುಗಳಲ್ಲಿ ಜಾತಿಭೇದ ಇಲ್ಲ ಅಂತ ನೋಂದಣಿ ಸಮಯದಲ್ಲೇ ಬರೆದುಕೊಡಬೇಕು. ನವೀಕರಣದ ಸಮಯದಲ್ಲೂ.

2. ಬೇರೆ ಕಾನೂನು ಮುರಿದದ್ದು ಅಂತಿಮವಾಗಿ ತೀರ್ಮಾನವಾದರೆ ನೋಂದಣಿ ರದ್ದು ಮಾಡೋ ಅವಕಾಶ 12ಎಬಿ ಸೆಕ್ಷನ್ನಿನಲ್ಲಿ ಈಗಾಗಲೇ ಇದೆ. ಆದರೆ ಆ ಕಾನೂನು ಸಂಸ್ಥೆಯ ಉದ್ದೇಶ ಸಾಧನೆಗೆ ಮುಖ್ಯವಾದದ್ದಾಗಿರಬೇಕು ಅನ್ನೋ ಷರತ್ತಿದೆ. 1955ರ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆ ಆ ಪಟ್ಟಿಯಲ್ಲಿ ಸೇರುತ್ತವೆ ಅಂತ ಸ್ಪಷ್ಟವಾಗಿ ಬರೆಯಬೇಕು. ಹೊಸ ಕಾಯ್ದೆಯಲ್ಲೂ.

3. ಹುಂಡಿಗೂ ವಿದ್ಯಾರ್ಥಿನಿಲಯದ ಡಬ್ಬಿಗೂ ಒಂದೇ ನಿಯಮ ಇರಬೇಕು.

4. ಶಿಕ್ಷೆಯಾದ ಪ್ರಕರಣಗಳಲ್ಲಿ 9ನೇ ಸೆಕ್ಷನ್ ಬಳಸಿ ಅನುದಾನ ತಡೆದದ್ದು ಎಷ್ಟು ಅಂತ ರಾಜ್ಯ ಸರ್ಕಾರ ಸದನದಲ್ಲಿ ಹೇಳಬೇಕು. ನಮ್ಮವರು ಒಂದೊಂದು ಜಿಲ್ಲೆಯಿಂದ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಅರ್ಜಿ ಶುಲ್ಕ 10 ರೂಪಾಯಿ.

ಕೊನೆಯದಾಗಿ ನಮ್ಮೊಳಗಿನ ಒಂದು ಮಾತು. ಮೀಸಲಾತಿಯಿಂದ ಓದಿ, ನೌಕರಿ ಮಾಡಿ, ನಿವೃತ್ತರಾದ ಒಂದು ತಲೆಮಾರು ಈಗ ನಮ್ಮಲ್ಲಿದೆ. ಅವರ ಹೆಸರಲ್ಲಿ ಒಂದು ಮನೆ, ಒಂದು ಸೈಟು ಇದೆ. ಅಂಥವರು ವಿಲ್ ಬರೆಯೋ ಕಾಲ ಬಂದಿದೆ. ಇಬ್ಬರು ಸಾಕ್ಷಿ ಸಹಿ ಹಾಕಿದರೆ ಸಾಕು, ರಿಜಿಸ್ಟರ್ ಕಡ್ಡಾಯವೂ ಅಲ್ಲ. ಮಾಡಿಸಿದರೆ ಒಳ್ಳೇದು. ಮಕ್ಕಳಿಗೆ ಬರೆಯಿರಿ, ಹೆಣ್ಣುಮಕ್ಕಳನ್ನು ಮರೆಯಬೇಡಿ. ಸಮಾಜಕ್ಕೂ ಒಂದು ಪಾಲು ಇಡೋದಾದರೆ "ಧರ್ಮಕಾರ್ಯಕ್ಕೆ" ಅಂತ ಬರೆಯಬೇಡಿ. ಯಾವ ಊರಿನ ಯಾವ ಲೈಬ್ರರಿಗೆ, ಯಾವ ಹಾಸ್ಟೆಲ್ಲಿಗೆ, ಯಾರ ಫೀಸಿಗೆ ಅಂತ ಬಿಡಿಸಿ ಬರೆಯಿರಿ.

ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ್ ಮಂದಿರದ ಬಾಗಿಲು ತಟ್ಟಿದರು. ಬಾಗಿಲು ತೆರೆಯಲಿಲ್ಲ. 1945ರಲ್ಲಿ ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು, ಮರುವರ್ಷ ಸಿದ್ಧಾರ್ಥ ಕಾಲೇಜು ಶುರುವಾಯ್ತು. ಆ ಬಾಗಿಲು ಎಲ್ಲರಿಗೂ ತೆರೆದಿತ್ತು. ದಾನ ಯಾವುದು ಅಂತ ತೆರಿಗೆ ಅಧಿಕಾರಿಗಳಿಗೆ ಗೊಂದಲ ಇದ್ದರೆ ಈ ಎರಡು ಬಾಗಿಲು ನೋಡಲಿ.

ಓದಿ, ಹಂಚಿ, ತಕರಾರಿದ್ದರೆ ಕೆಳಗೆ ಬರೆಯಿರಿ. ವಕೀಲ ಮಿತ್ರರು 2ನೇ ಒತ್ತಾಯದ ಕರಡು ಮಾಡಿಕೊಟ್ಟರೆ ನಮ್ಮ ಸಂಸದರಿಗೆ ಮುಟ್ಟಿಸೋ ಕೆಲಸ ನಾವು ಮಾಡ್ತೀವಿ.

ಜೈಭೀಮ್.