ಕೆಲಸ ಹಂಚಿಕೊಳ್ಳಲಿ, ಹೊಣೆ ಜಾರಿಸಿಕೊಳ್ಳದಿರಲಿ

2020ರ ಮಾರ್ಚ್ 11ರಂದು ದೆಹಲಿಯ ನಿರ್ಮಾಣ ಭವನದಲ್ಲಿ ಸೇರಿದ್ದ ಕೋವಿಡ್ ಕುರಿತ ಕೇಂದ್ರ ಸಚಿವರ ಗುಂಪು ಒಸಿಐ ಕಾರ್ಡುದಾರರ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳ, ವೀಸಾರಹಿತ ಪ್ರಯಾಣವನ್ನು ತಡೆಹಿಡಿಯಿತು. ಮಾರ್ಚ್ 13ರಂದು, ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಲ್ಲಿ ಬೆಳಗಿನ ಜಾವ 5 ಗಂಟೆಯಾಗಿದ್ದಾಗ, ಆ ತೀರ್ಮಾನ ಜಾರಿಗೆ ಬಂತು. ಲಾಸ್ ಆಲ್ಟೋಸ್, ಮೌಂಟನ್ ವ್ಯೂ, ಸನಿವೇಲ್‌ಗಳ ಕನ್ನಡ ಕುಟುಂಬಗಳಲ್ಲಿ ತಂದೆ ತಾಯಿಯದು ಭಾರತದ ಪಾಸ್‌ಪೋರ್ಟ್, ಇಲ್ಲಿ ಹುಟ್ಟಿದ ಮಗುವಿನದು ಅಮೆರಿಕದ್ದು. ಇದು ತೀರಾ ಸಾಮಾನ್ಯ. ಮೇ 7ರಿಂದ, ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದಾಗ ತಾಯಿ ಹತ್ತಬಹುದಿತ್ತು, ಕಂಕುಳಲ್ಲಿದ್ದ ಮಗು ಹತ್ತುವಂತಿರಲಿಲ್ಲ. ಅಂಥ ಮಕ್ಕಳಿಗೆ ಮತ್ತು ಮನೆಯಲ್ಲಿ ಸಾವಿನಂಥ ತುರ್ತು ಎದುರಾದವರಿಗೆ ಗೃಹ ಸಚಿವಾಲಯ ವಿನಾಯಿತಿ ಕೊಟ್ಟದ್ದು ಮೇ 22ರಂದು. ಎಲ್ಲ ಒಸಿಐ ಕಾರ್ಡುದಾರರಿಗೂ ದಾರಿ ತೆರೆದದ್ದು ಅಕ್ಟೋಬರ್‌ನಲ್ಲಿ.

ಮಹಾಮಾರಿಯ ಕಾಲದಲ್ಲಿ ಗಡಿ ಬಿಗಿ ಮಾಡಿದ್ದೇ ತಪ್ಪು ಎಂದು ಈ ಪತ್ರಿಕೆ ಹೇಳುವುದಿಲ್ಲ. ನಮ್ಮ ಆಕ್ಷೇಪ ಬೇರೆ. ಆ ತೀರ್ಮಾನಕ್ಕೆ ಹೊಣೆ ಯಾರು? ಗುಂಪಿನ ಅಧ್ಯಕ್ಷರು ಆಗಿನ ಆರೋಗ್ಯ ಸಚಿವ ಡಾ. ಹರ್ಷವರ್ಧನ್. ಒಸಿಐ ವಿಷಯ ಗೃಹ ಖಾತೆಗೆ ಸೇರಿದ್ದು. ಆ ಖಾತೆಯಿಂದ ಗುಂಪಿನಲ್ಲಿ ಕೂತದ್ದು ರಾಜ್ಯ ಸಚಿವರೇ ಹೊರತು ಸಂಪುಟ ದರ್ಜೆಯ ಗೃಹ ಸಚಿವರಲ್ಲ. ಹೊರಬಿದ್ದ ಪ್ರಕಟಣೆಯಲ್ಲಿ ತೀರ್ಮಾನಗಳ ಪಟ್ಟಿ ಇತ್ತು. ಅನಿವಾರ್ಯ ಕಾರಣಕ್ಕೆ ಬರಬೇಕಾದ ವಿದೇಶಿಯರು ಹತ್ತಿರದ ಭಾರತೀಯ ದೂತಾವಾಸವನ್ನು ಸಂಪರ್ಕಿಸಬಹುದು ಎಂಬ ಸಾಲೂ ಇತ್ತು. ಒಂದೇ ಮನೆಯೊಳಗೆ ಎರಡು ಪಾಸ್‌ಪೋರ್ಟ್ ಇರುವವರ ಗತಿಯೇನು ಎಂಬುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ಅದೇ ವಾರ ನಮ್ಮ ಕೌಂಟಿಯಲ್ಲಿ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಾರ್ಚ್ 16ರಂದು ಸಾಂಟಾ ಕ್ಲಾರಾ ಕೌಂಟಿಯ ಆರೋಗ್ಯಾಧಿಕಾರಿ ಡಾ. ಸಾರಾ ಕೋಡಿ ಎಲ್ಲರೂ ಮನೆಯಲ್ಲೇ ಇರಬೇಕೆಂದು ಆಜ್ಞೆ ಹೊರಡಿಸಿದರು. ಅದೂ ಕಠಿಣ ಆಜ್ಞೆಯೇ, ಮೀರುವುದು ಅಪರಾಧವಾಗಿತ್ತು. ಆದರೆ ಯಾವ ಕಾನೂನಿನ ಯಾವ ಕಲಮಿನ ಬಲದಿಂದ, ಯಾವ ಕಾರಣಕ್ಕೆ, ಯಾರಿಗೆ ವಿನಾಯಿತಿ ಎಂಬುದೆಲ್ಲ ಆಜ್ಞೆಯಲ್ಲೇ ಬರೆದಿತ್ತು. ಕೆಳಗೆ ಒಬ್ಬರ ಸಹಿ ಇತ್ತು. ಸಿಟ್ಟು ಬಂದವರು ಯಾರನ್ನು ಪ್ರಶ್ನಿಸಬೇಕೆಂದು ತಡಕಾಡಬೇಕಾಗಿರಲಿಲ್ಲ.

ಸಂಪುಟ ಸಮಿತಿಗಳೇ ಬೇಡ ಎನ್ನುವುದು ವಿವೇಕವಲ್ಲ. ಭಾರತದಂಥ ದೇಶದ ಪ್ರತಿ ಕಡತವನ್ನೂ ಇಡೀ ಸಂಪುಟ ಕೂತು ಓದಲಾಗದು. ಎನ್. ಗೋಪಾಲಸ್ವಾಮಿ ಅಯ್ಯಂಗಾರ್ 1949ರಲ್ಲಿ ಕೊಟ್ಟ ಆಡಳಿತ ಪುನಾರಚನೆಯ ವರದಿಯೇ ಸಮಿತಿಗಳನ್ನು ಶಿಫಾರಸು ಮಾಡಿತ್ತು. ಸಂವಿಧಾನದ 77(3)ನೇ ವಿಧಿಯಡಿ 1961ರಲ್ಲಿ ಎರಡು ನಿಯಮಾವಳಿಗಳು ಬಂದವು. ಒಂದು, ಯಾವ ವಿಷಯ ಯಾವ ಖಾತೆಗೆ ಎಂದು ಹೇಳುತ್ತದೆ. ಇನ್ನೊಂದು, ಯಾವುದನ್ನು ಸಂಪುಟಕ್ಕೆ, ಯಾವುದನ್ನು ಸಮಿತಿಗೆ ಒಯ್ಯಬೇಕೆಂದು ಹೇಳುತ್ತದೆ. ಭದ್ರತಾ ಸಮಿತಿಯಲ್ಲಿ ಪ್ರಧಾನಿಯ ಜೊತೆ ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಸಚಿವರು. ಉನ್ನತ ಹುದ್ದೆಗಳನ್ನು ತುಂಬುವ ನೇಮಕಾತಿ ಸಮಿತಿಯಲ್ಲಿ ಪ್ರಧಾನಿ ಮತ್ತು ಗೃಹ ಸಚಿವರು, ಇಬ್ಬರೇ. ಆರ್ಥಿಕ ವ್ಯವಹಾರಗಳ ಸಮಿತಿ ರೈತರ ಬೆಂಬಲ ಬೆಲೆ ನಿಗದಿ ಮಾಡುತ್ತದೆ. 15,767 ಕೋಟಿ ರೂಪಾಯಿಯ ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಕೊಟ್ಟದ್ದೂ ಅದೇ. ಜನಗಣತಿಯಲ್ಲಿ ಜಾತಿಯನ್ನೂ ಎಣಿಸಬೇಕೆಂದು 2025ರ ಏಪ್ರಿಲ್ 30ರಂದು ತೀರ್ಮಾನಿಸಿದ್ದು ರಾಜಕೀಯ ವ್ಯವಹಾರಗಳ ಸಮಿತಿ. ಇವು ಸಣ್ಣ ತೀರ್ಮಾನಗಳಲ್ಲ. ಬೆರಳೆಣಿಕೆಯ ಸಚಿವರು ಕೋಣೆಯೊಂದರಲ್ಲಿ ಮಾಡುವ ಇವು ಇಡೀ ಮಂತ್ರಿಮಂಡಲದ ತೀರ್ಮಾನಗಳೆನಿಸಿಕೊಳ್ಳುತ್ತವೆ. ಸಂವಿಧಾನದ 75(3)ನೇ ವಿಧಿಯಂತೆ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ.

ಕೆಲಸ ಕೆಲವರದು, ಹೊಣೆ ಎಲ್ಲರದು ಎಂಬ ಈ ಒಪ್ಪಂದ ಉಳಿಯಬೇಕಾದರೆ ಎರಡು ಕಟ್ಟುಪಾಡು ಬೇಕು: ಯಾವ ವಿಷಯ ಯಾವ ಸಮಿತಿಗೆ ಎಂಬುದು ಮೊದಲೇ ಗೊತ್ತಿರಬೇಕು, ತೀರ್ಮಾನದ ಕಾರಣ ಆಮೇಲೆ ಗೊತ್ತಾಗಬೇಕು. ಎರಡೂ ಸಡಿಲವಾಗಿವೆ.

ಮೊದಲನೆಯದನ್ನು ನೋಡೋಣ. 2014ರ ಮೇ 31ರಂದು ಹೊಸ ಸರ್ಕಾರ 21 ಸಚಿವರ ಗುಂಪುಗಳನ್ನೂ 9 ಉನ್ನತಾಧಿಕಾರದ ಗುಂಪುಗಳನ್ನೂ ಒಂದೇ ಏಟಿಗೆ ರದ್ದು ಮಾಡಿತು. ಖಾತೆಗಳೇ ತೀರ್ಮಾನಿಸಲಿ, ಹೊಣೆಗಾರಿಕೆ ಹೆಚ್ಚಲಿ ಎಂಬುದು ಕೊಟ್ಟ ಕಾರಣ. ಅದು ಒಳ್ಳೆಯ ಕಾರಣವೇ ಆಗಿತ್ತು. ಆರು ವರ್ಷ ತುಂಬುವ ಮೊದಲೇ ನಮ್ಮ ಮನೆಗಳನ್ನು ತಟ್ಟಿದ ತೀರ್ಮಾನ ಬಂದದ್ದು ಅಂಥದೇ ಗುಂಪಿನಿಂದ. ಇನ್ನು 2019ರ ಜೂನ್‌ನಲ್ಲಿ ಎಂಟು ಸಮಿತಿಗಳ ಪಟ್ಟಿ ಬಂದಾಗ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎರಡರಲ್ಲಿ ಮಾತ್ರ ಇದ್ದರು. ಅದೇ ದಿನ ರಾತ್ರಿಯೊಳಗೆ ಪರಿಷ್ಕೃತ ಪಟ್ಟಿ ಬಂದು ಅವರು ಆರರಲ್ಲಿ ಸದಸ್ಯರಾದರು. ಬೆಳಿಗ್ಗೆಗೂ ರಾತ್ರಿಗೂ ನಡುವೆ ರಕ್ಷಣಾ ಖಾತೆಯ ಕೆಲಸವೇನೂ ಬದಲಾಗಿರಲಿಲ್ಲ. ಸದಸ್ಯತ್ವ ಖಾತೆಯ ಅಗತ್ಯವನ್ನು ನೋಡಿ ಬರಬೇಕೇ ಹೊರತು ಮೇಲಿನವರ ಒಲವನ್ನು ನೋಡಿಯಲ್ಲ.

ಅದಕ್ಕಿಂತ ಗಂಭೀರವಾದದ್ದು, ಯಾವುದನ್ನು ಸಂಪುಟಕ್ಕೆ ಒಯ್ಯಬೇಕೆಂದು ಹೇಳುವ 1961ರ ನಿಯಮಾವಳಿಯ 12ನೇ ನಿಯಮ. ಅಗತ್ಯವೆನಿಸಿದರೆ ಈ ನಿಯಮಾವಳಿಯಿಂದಲೇ ಸರಿದು ನಡೆಯಲು ಪ್ರಧಾನಿಗೆ ಅದು ಅವಕಾಶ ಕೊಡುತ್ತದೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿದ್ದದ್ದು ಸಂಪುಟ ಸೇರುವ ಮೊದಲು. ಸಚಿವರಿಗೆ ಸುದ್ದಿ ತಿಳಿದದ್ದು ಮರುದಿನ ಬೆಳಗಿನ ಸಭೆಯಲ್ಲಿ. ಅಂದು ಬಳಸಿದ್ದು ಇದೇ ನಿಯಮ. 2019ರ ನವೆಂಬರ್ 23ರ ನಸುಕಿನಲ್ಲಿ ಮಹಾರಾಷ್ಟ್ರದ ರಾಷ್ಟ್ರಪತಿ ಆಳ್ವಿಕೆಯನ್ನು ತೆಗೆದು, ಬೆಳಗಾಗುತ್ತಲೇ ಮುಖ್ಯಮಂತ್ರಿಯ ಪ್ರಮಾಣವಚನ ಮಾಡಿಸಿದ್ದೂ ಇದೇ ನಿಯಮದ ಬಲದಿಂದ. ಪಕ್ಷ ಬೇರೆ, ಕಾಲ ಬೇರೆ, ದುರುಪಯೋಗದ ದಾರಿ ಒಂದೇ. ಸಹೋದ್ಯೋಗಿಗಳನ್ನು ಕೇಳದೆ ಮಾಡಿದ ತೀರ್ಮಾನಕ್ಕೆ ಸಹೋದ್ಯೋಗಿಗಳೆಲ್ಲ ಹೊಣೆ ಎನ್ನುವುದು ಸಂವಿಧಾನಕ್ಕೆ ಮಾಡುವ ಅವಮಾನ.

ಎರಡನೆಯ ಕಟ್ಟುಪಾಡು ಕಾನೂನಿನಲ್ಲೇ ಇದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಐ) ಕಲಂ ಸಂಪುಟದ ಕಾಗದಪತ್ರಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ತೀರ್ಮಾನವಾಗಿ ವಿಷಯ ಮುಗಿದ ಮೇಲೆ ತೀರ್ಮಾನವನ್ನೂ ಅದರ ಕಾರಣಗಳನ್ನೂ ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಬಹಿರಂಗಪಡಿಸಬೇಕೆಂದು ಅದೇ ಕಲಮು ಹೇಳುತ್ತದೆ. ನ್ಯಾಯಾಲಯದ ಮಾತೂ ಇದಕ್ಕೆ ಪೂರಕ. 1989ರಲ್ಲಿ ವಜಾಗೊಂಡ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಮಂತ್ರಿಮಂಡಲ ರಾಷ್ಟ್ರಪತಿಗೆ ಕೊಟ್ಟ ಸಲಹೆಯನ್ನು ಕೋರ್ಟು ಕೆದಕುವಂತಿಲ್ಲ, ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ಪರಿಶೀಲಿಸಬಹುದು. ಕನ್ನಡ ನೆಲದಿಂದ ಹೋದ ಮೊಕದ್ದಮೆಯೊಂದು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಇದು. ಇಷ್ಟಿದ್ದೂ ಸಮಿತಿಗಳ ತೀರ್ಮಾನವೆಂದು ಜನರ ಕೈಗೆ ಸಿಗುವುದು ಸರ್ಕಾರವೇ ತನ್ನನ್ನು ಹೊಗಳಿಕೊಳ್ಳುವ ಪತ್ರಿಕಾ ಪ್ರಕಟಣೆ.

ಗೋಪ್ಯತೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಸೇನೆಯ ಚಲನವಲನ, ಶತ್ರುವಿನ ಮಾಹಿತಿ ಬಯಲಾಗಬೇಕೆಂದು ಯಾರೂ ಕೇಳುತ್ತಿಲ್ಲ. ಸಚಿವರು ಒಳಗೆ ನಿರ್ಭಯವಾಗಿ ವಾದಿಸಲೂ ಬಾಗಿಲು ಮುಚ್ಚಿರಬೇಕು. ಲಾಸ್ ಆಲ್ಟೋಸ್ ನಗರಸಭೆಯ ಐವರು ಸದಸ್ಯರಲ್ಲಿ ಇಬ್ಬರೇ ಸೇರಿ ಸ್ಥಾಯಿ ಸಮಿತಿ ಮಾಡಿಕೊಂಡರೂ ಅದು ಜನರ ಎದುರೇ ಸಭೆ ನಡೆಸಬೇಕೆಂದು 1953ರ ಬ್ರೌನ್ ಕಾಯ್ದೆ ವಿಧಿಸುತ್ತದೆ. ಅಷ್ಟು ಬಿಚ್ಚುತನವನ್ನು ದೇಶದ ಸಂಪುಟದಿಂದ ನಾವು ಕೇಳುವುದಿಲ್ಲ. ಆದರೆ ಪಾಸ್‌ಪೋರ್ಟು, ಬೆಂಬಲ ಬೆಲೆ, ರೈಲು, ಜನಗಣತಿ ಇವು ಶತ್ರುವಿನಿಂದ ಮುಚ್ಚಿಡಬೇಕಾದ ಗುಟ್ಟುಗಳಲ್ಲ. ಬ್ರಿಟನ್ ತನ್ನ ಸಂಪುಟ ಸಮಿತಿಗಳ ಪಟ್ಟಿಯನ್ನೇ 1992ರವರೆಗೆ ಗುಟ್ಟಾಗಿಟ್ಟಿತ್ತು. ಆ ವರ್ಷ ಜಾನ್ ಮೇಜರ್ ಅದನ್ನು ಪ್ರಕಟಿಸಿದರು. ಅಲ್ಲಿನ ಸರ್ಕಾರವೇನೂ ಕುಸಿಯಲಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಮೂರು. ಸಮಿತಿ ಅಥವಾ ಸಚಿವರ ಗುಂಪಿನ ಪ್ರತಿ ತೀರ್ಮಾನವನ್ನೂ ಕಾರಣಸಮೇತ 30 ದಿನಗಳೊಳಗೆ ಪ್ರಕಟಿಸಬೇಕು. ಭದ್ರತೆಯ ಕಾರಣಕ್ಕೆ ತಡೆಹಿಡಿದರೆ ಹಾಗೆಂದು ಬರೆದು ಹೇಳಬೇಕು. ಯಾರ ಖಾತೆಯ ವಿಷಯವೋ ಆ ಖಾತೆಯ ಸಂಪುಟ ಸಚಿವರು ಸಭೆಯಲ್ಲಿದ್ದು, ತೀರ್ಮಾನಕ್ಕೆ ಸಹಿ ಹಾಕಿ, ಸಂಸತ್ತಿನಲ್ಲಿ ಉತ್ತರ ಕೊಡಬೇಕು. 12ನೇ ನಿಯಮವನ್ನು ಬಳಸಿದಾಗಲೆಲ್ಲ ಅದರ ಕಾರಣವನ್ನು ಸಂಸತ್ತಿನ ಮುಂದಿಡಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ನಿಯಮಾವಳಿ ತಿದ್ದಿದರೆ ಸಾಕು.

ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಓದುಗರಿಗೆ ಒಂದು ಮಾತು. ಮಾಹಿತಿ ಹಕ್ಕು ನಿಮಗಿದೆ. ಒಸಿಐ ಕಾರ್ಡುದಾರರಿಗೆ ಅದಿಲ್ಲ. ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಗೆ ಸೇರುವ ಹಕ್ಕೂ ನಿಮ್ಮದೇ. ಮನೆಯ ಮಕ್ಕಳ ಪರವಾಗಿ, ಪಕ್ಕದ ಮನೆಯವರ ಪರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಕ್ಷೇತ್ರದ ಸಂಸದರಿಗೆ ಬರೆದು ಈ ಮೂರು ಬೇಡಿಕೆಗಳಿಗೆ ಉತ್ತರ ಕೇಳಿ. ಕಾರಣ ಹೇಳದ ಸರ್ಕಾರಕ್ಕೆ ಸಾಮೂಹಿಕ ಹೊಣೆಯ ಮಾತಾಡುವ ಅಧಿಕಾರವಿಲ್ಲ.