ವಾರಕ್ಕೆ ಒಂದು ಪೀರಿಯಡ್ ಕೊಡಿ

ಪ್ರೌಢಶಾಲೆಗಳಲ್ಲಿ ಹತ್ತಿಪ್ಪತ್ತು ವರ್ಷ ಪಾಠ ಮಾಡಿ ಪಳಗಿದ ಮೇಷ್ಟ್ರುಗಳೇ, ಮೇಡಂಗಳೇ, ಈ ಮನವಿ ನಿಮಗೆ. ಶಾಲೆ ಶುರುವಾಗಿದೆ. ನಿಮ್ಮ ಸ್ಟಾಫ್ ರೂಮಿನ ಬಾಗಿಲ ಬಳಿಯ ಕುರ್ಚಿಯಲ್ಲಿ ಹೊಸ ಮುಖವೊಂದು ಕೂತಿರಬಹುದು. ನೇಮಕಾತಿ ಆದೇಶ ಹಿಡಿದು ಬಂದವರೋ, ಅತಿಥಿ ಶಿಕ್ಷಕರಾಗಿ ಬಂದವರೋ, ಯಾರಾದರೂ ಸರಿ. ಅವರಿಗಾಗಿ ವಾರಕ್ಕೆ ಒಂದು ಪೀರಿಯಡ್ ತೆಗೆದಿಡಿ. ಒಂದು ವಾರ ಅವರು ಬಂದು ನಿಮ್ಮ ಕ್ಲಾಸಿನಲ್ಲಿ ಕೂರಲಿ, ಮುಂದಿನ ವಾರ ನೀವು ಹೋಗಿ ಅವರ ಕ್ಲಾಸಿನಲ್ಲಿ ಕೂರಿ. ಕೇಳುತ್ತಿರುವುದು ಇಷ್ಟೇ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಗಣಿತಕ್ಕೆ ಹೊಸ ಮೇಡಂ ಒಬ್ಬರು ಬಂದರು. ಅವರ ಎಂಟನೇ 'ಸಿ' ನನ್ನ ಹತ್ತನೇ 'ಎ'ಗೆ ಗೋಡೆ ಪಕ್ಕ. ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ ಬೇರೆ. ಗದ್ದಲ ಗೋಡೆ ದಾಟಿ ಬರುತ್ತಿತ್ತು. ಎರಡು ದಿನ ಸಹಿಸಿಕೊಂಡೆ. ಮೂರನೇ ದಿನ ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಹೋಗಿ, ಅವರ ಬಾಗಿಲಲ್ಲಿ ನಿಂತು ಒಂದೇ ಸಲ ಗದರಿದೆ. ಕ್ಲಾಸು ತೆಪ್ಪಗಾಯಿತು. "ಈಗ ಪಾಠ ಮಾಡಿ ಮೇಡಂ" ಅಂದು ವಾಪಸು ಬಂದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಮರುದಿನದಿಂದ ಗಲಾಟೆ ಇಮ್ಮಡಿಯಾಯಿತು. ಮಕ್ಕಳಿಗೆ ಗೊತ್ತಾಗಿ ಹೋಗಿತ್ತು, ಈ ಮೇಡಂ ಮಾತು ನಡೆಯಬೇಕಾದರೆ ಪಕ್ಕದ ಕೋಣೆಯ ಮೇಷ್ಟ್ರು ಬರಬೇಕು ಅಂತ. ದಸರಾ ರಜೆ ಹೊತ್ತಿಗೆ ಆ ಮೇಡಂ ಬೆಲ್ ಹೊಡೆದ ಮೇಲೂ ನೀರಿನ ಬಾಟಲಿ ಹುಡುಕುವ ನೆಪದಲ್ಲಿ ಎರಡು ನಿಮಿಷ ಸ್ಟಾಫ್ ರೂಮಿನಲ್ಲೇ ಉಳಿಯುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ರಜೆ ಮುಗಿದ ಮೇಲೆ ಅವರನ್ನು ಕೇಳಿಕೊಂಡು ಎಂಟನೇ 'ಸಿ'ಯ ಕೊನೇ ಬೆಂಚಿನಲ್ಲಿ ಕೂತೆ. ಲೆಕ್ಕದಲ್ಲಿ ಅವರು ನನಗಿಂತ ಗಟ್ಟಿ. ಆದರೆ ಬೋರ್ಡಿಗೆ ಮುಖ ಮಾಡಿ ಎಡ ಮೂಲೆಯಿಂದ ಬಲ ಮೂಲೆಯವರೆಗೆ ಬರೆಯುತ್ತ ಹೋಗುವುದು, ಪ್ರತಿ ಹಂತಕ್ಕೂ "ಅರ್ಥ ಆಯ್ತಾ?" ಅನ್ನುವುದು. ಇಡೀ ಕ್ಲಾಸು ರಾಗವಾಗಿ "ಆಯ್ತೂ ಮಿಸ್". ನನ್ನ ಪಕ್ಕದ ಹುಡುಗನೂ ಎಲ್ಲರಿಗಿಂತ ಜೋರಾಗಿ "ಆಯ್ತೂ" ಅಂದ. ಅವನ ನೋಟ್ಸಿನಲ್ಲಿ (ಎ+ಬಿ)ಯ ವರ್ಗ ಅಂದರೆ ಎ ವರ್ಗ ಕೂಡಿಸು ಬಿ ವರ್ಗ ಅಂತ ಇತ್ತು. ಅಲ್ಲಿ ಕೂತಾಗ ಹೊಳೆದ ಇನ್ನೊಂದು ಸಂಗತಿ ಎಂದರೆ, ನಾನೂ ಇಷ್ಟು ವರ್ಷ ಹಾಗೇ ಕೇಳಿಕೊಂಡು ಬಂದಿದ್ದೇನೆ. ನನ್ನ ಕ್ಲಾಸು ಹೆದರಿ ಸುಮ್ಮನಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಸಂಜೆ ಅವರಿಗೆ ಒಂದೇ ಮಾತು ಹೇಳಿದೆ: ನಾಳೆ "ಅರ್ಥ ಆಯ್ತಾ" ಅನ್ನಬೇಡಿ, ಚಿತ್ರ ಬರೆಸಿ. ಮರುದಿನ ಅವರು 5 ಸೆಂಟಿಮೀಟರ್ ಬಾಹುವಿನ ಚೌಕ ಬರೆಸಿದರು. ಪ್ರತಿ ಬಾಹುವನ್ನೂ 3 ಮತ್ತು 2 ಅಂತ ಒಡೆದು ಗೆರೆ ಎಳೆಸಿದರು. ದೊಡ್ಡ ಚೌಕ 25. ಒಳಗಿನ ಎರಡು ಚೌಕ 9 ಮತ್ತು 4, ಕೂಡಿದರೆ 13. "ಉಳಿದ 12 ಎಲ್ಲಿ ಹೋಯಿತು?" ಅಂತ ಕೇಳಿ ಸುಮ್ಮನೆ ನಿಂತರು. ಗದ್ದಲವೇನೋ ಅವತ್ತೂ ನನ್ನ ಕೋಣೆಗೆ ಕೇಳಿಸಿತು. ಆದರೆ ಅದು ಹನ್ನೆರಡರ ಬಗ್ಗೆ. ಮೂಲೆಯಲ್ಲಿ ಬಿದ್ದಿದ್ದ ಎರಡು ಆಯತಗಳನ್ನು ಮೊದಲು ತೋರಿಸಿದವನು ನನ್ನ ಪಕ್ಕ ಕೂತಿದ್ದ ಅದೇ ಹುಡುಗನಂತೆ. ಅಲ್ಲಿಗೆ ಎಲ್ಲ ಸರಿಹೋಯಿತು ಅಂತಲ್ಲ. ಮುಂದಿನ ವಾರ ಮತ್ತೆ ಹಳೇ ಗಲಾಟೆ, ಮತ್ತೆ ಕೂತೆವು, ಮತ್ತೆ ಮಾತಾಡಿದೆವು. ಮಾರ್ಚ್‌ವರೆಗೂ ಹೀಗೇ ನಡೆಯಿತು.

"ಬಿ.ಎಡ್‌ನಲ್ಲಿ ಇದನ್ನೆಲ್ಲ ಕಲಿತು ಬಂದಿರುವುದಿಲ್ಲವೇ?" ಅಂತ ನೀವು ಕೇಳಬಹುದು. 2015ರಿಂದ ಬಿ.ಎಡ್ ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ಆದರೆ ಅಲ್ಲಿ ಕ್ಲಾಸು ಇನ್ನೊಬ್ಬರದು. ಬಿ.ಎಡ್ ಟೀಚರು ನಾಲ್ಕು ದಿನದವರು ಅಂತ ಮಕ್ಕಳಿಗೂ ಗೊತ್ತು. ಒಂದು ಪಾಠಕ್ಕೆ ಚಾರ್ಟು, ಮಾದರಿ ಎಲ್ಲ ಮಾಡಿಕೊಂಡು ಹೋಗುವುದಕ್ಕೂ, ದಿನಕ್ಕೆ ಐದು ಪೀರಿಯಡ್ ವರ್ಷವಿಡೀ ಎಳೆಯುವುದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?

ನಾವು ಹೊಸಬರಿಗೆ ಏನು ಕೊಡುತ್ತೇವೆ ನೋಡಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯಕ್ಕೆ ಹತ್ತನೇ ತರಗತಿ ಹಿರಿಯರಿಗೆ. ಎಂಟನೇ ತರಗತಿ ಹೊಸಬರಿಗೆ. ಸುತ್ತಲಿನ ನಾಲ್ಕಾರು ಊರುಗಳ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು ಮೊದಲ ಸಲ ಒಟ್ಟಿಗೆ ಕೂರುವ ಕ್ಲಾಸು ಅದು. ಒಬ್ಬನಿಗೆ ಬೀಜಗಣಿತ ಸಲೀಸು, ಪಕ್ಕದವನಿಗೆ ಭಾಗಾಕಾರವೇ ಬಾರದು. ಜೂನ್ ತಿಂಗಳ ಸೇತುಬಂಧದಲ್ಲಿ ತುಂಬುವ ಕಂದಕವಲ್ಲ ಅದು. ನನ್ನನ್ನು ಕೇಳಿದರೆ ಶಾಲೆಯ ಅತಿ ಪಳಗಿದ ಮೇಷ್ಟ್ರು ಇರಬೇಕಾದ ಜಾಗ ಎಂಟನೇ ತರಗತಿ. ಇದು ಸಾಲದು ಎಂಬಂತೆ "ನಿಮಗೆ ಕಂಪ್ಯೂಟರ್ ಚೆನ್ನಾಗಿ ಬರುತ್ತಲ್ವಾ" ಅಂತ ನಯವಾಗಿ ಸ್ಯಾಟ್ಸ್ ಎಂಟ್ರಿ, ಸ್ಕಾಲರ್‌ಶಿಪ್ ಅರ್ಜಿ ಎಲ್ಲವನ್ನೂ ಅವರ ಮೇಜಿಗೇ ಸರಿಸುತ್ತೇವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಶಿಕ್ಷಕರಿಗೆ ಮಾರ್ಗದರ್ಶಕರನ್ನು ಒದಗಿಸುವ ರಾಷ್ಟ್ರೀಯ ಯೋಜನೆಯ ಪ್ರಸ್ತಾಪವಿದೆ. 2022ರಲ್ಲಿ 30 ಕೇಂದ್ರೀಯ ಶಾಲೆಗಳಲ್ಲಿ, 60 ಮಾರ್ಗದರ್ಶಕರನ್ನಿಟ್ಟುಕೊಂಡು ಪ್ರಯೋಗವೂ ಶುರುವಾಯಿತು. ಆ ನೀರು ನಮ್ಮ ಹೋಬಳಿ ಶಾಲೆಯ ನಲ್ಲಿಗೆ ಬರುವ ತನಕ ಕಾಯುತ್ತ ಕೂರಬೇಕೇ? ಇಂಗ್ಲೆಂಡಿನಲ್ಲಿ 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷ ಒಬ್ಬ ಮಾರ್ಗದರ್ಶಕರಿರುತ್ತಾರೆ. ಮೊದಲ ವರ್ಷ ವೇಳಾಪಟ್ಟಿಯಲ್ಲಿ ಶೇ. 10, ಎರಡನೇ ವರ್ಷ ಶೇ. 5 ಬಿಡುವು ಕೊಡುತ್ತಾರೆ. ನಮ್ಮಲ್ಲೂ ಎರಡು ವರ್ಷದ ಅವಧಿ ಇದೆ, ಹೆಸರು ಮಾತ್ರ ಪರೀಕ್ಷಾರ್ಥ ಅವಧಿ.

ಹಿರಿಯರೇ, ಮೊದಲು ನಿಮ್ಮ ಬಾಗಿಲು ತೆರೆಯಿರಿ. ಅವರು ಬರುವ ದಿನಕ್ಕೆಂದು ವಿಶೇಷ ಪಾಠ ಸಿದ್ಧಮಾಡಬೇಡಿ. ನಿಮ್ಮ ಕ್ಲಾಸಿನಲ್ಲೂ ಹಿಂದಿನ ಬೆಂಚು ಆಕಳಿಸುವುದನ್ನು ಅವರು ನೋಡಲಿ. ನೀವು ಅವರ ಕ್ಲಾಸಿನಲ್ಲಿ ಕೂತಾಗ ಕೈಯಲ್ಲಿ ಪುಸ್ತಕ, ಪೆನ್ನು ಬೇಡ. ಕಂಡದ್ದು ಹೆಡ್ ಮಾಸ್ಟ್ರ ಕೋಣೆಗೆ ಹೋಗುವುದೂ ಬೇಡ. ಹತ್ತು ತಪ್ಪು ಕಂಡರೂ ಒಂದೇ ಹೇಳಿ. ಸಣ್ಣ ಶಾಲೆಯಲ್ಲಿ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರು, ಜೊತೆಗಾರರೆಲ್ಲಿ ಅನ್ನುತ್ತೀರಾ? ಕನ್ನಡದ ಮೇಡಂ ಗಣಿತದ ಕ್ಲಾಸಿನಲ್ಲಿ ಕೂರಲಿ. ಮಕ್ಕಳು ಎಡವುವ ಕಡೆಯೇ ಅವರೂ ಎಡವುತ್ತಾರೆ, ಅದಕ್ಕಿಂತ ಒಳ್ಳೆಯ ಸುಳಿವು ಬೇಕೇ?

ಮುಖ್ಯ ಶಿಕ್ಷಕರಲ್ಲಿ ಬೇಡುವುದು, ಈ ಇಬ್ಬರ ಪೀರಿಯಡ್ ಡಿಕ್ಕಿಯಾಗದಂತೆ ವೇಳಾಪಟ್ಟಿ ಹಾಕಿ, ಮೊದಲ ವರ್ಷವಾದರೂ ಆನ್‌ಲೈನ್ ಎಂಟ್ರಿಯನ್ನು ಎಲ್ಲರಿಗೂ ಹಂಚಿ. ಎಸ್‌ಡಿಎಂಸಿಯವರು, ಪೋಷಕರು "ಹಳೇ ಮೇಷ್ಟ್ರೇ ಬೇಕಿತ್ತು" ಅನ್ನುವ ಮಾತನ್ನು ಮೊದಲ ತಿಂಗಳಲ್ಲೇ ಆಡಬೇಡಿ. ಅದು ಮಕ್ಕಳ ಬಾಯಲ್ಲಿ ಕ್ಲಾಸಿನವರೆಗೂ ಬರುತ್ತದೆ. ಇನ್ನು, ವರ್ಷದ ಕೊನೆಗೆ ಹೋಗಿಬಿಡುವ ಅತಿಥಿ ಶಿಕ್ಷಕರಿಗೆ ಯಾಕಿಷ್ಟು ಶ್ರಮ ಅಂತ ಕೇಳುವವರಿದ್ದಾರೆ. ಅವರು ಅತಿಥಿಗಳಿರಬಹುದು, ಅವರೆದುರು ಕೂತ ಮಕ್ಕಳು ಅಲ್ಲವಲ್ಲ.

ನಾನು ಬುಧವಾರ ಮೂರನೇ ಪೀರಿಯಡ್ ಗೊತ್ತುಮಾಡಿಕೊಂಡಿದ್ದೇನೆ. ಈ ವರ್ಷ ಬಂದ ವಿಜ್ಞಾನದ ಮೇಷ್ಟ್ರು ನನ್ನ ಒಂಬತ್ತನೇ 'ಬಿ'ಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಹೋದ ವಾರ ಬೋರ್ಡಿನ ಮೇಲೆ ನಾನೊಂದು ಋಣ ಚಿಹ್ನೆ ನುಂಗಿದ್ದೆ. ಮೊದಲು ಕಂಡುಹಿಡಿದವರು ಅವರೇ. ಮಕ್ಕಳೆದುರು ಹೇಳಲೋ ಬೇಡವೋ ಅಂತ ಒದ್ದಾಡುತ್ತಿದ್ದರು. "ಹೇಳಿ ಸಾರ್" ಅಂದೆ. ನಾಳೆ ಬೆಳಗ್ಗೆ ಪ್ರಾರ್ಥನೆಯ ಬೆಲ್ ಹೊಡೆಯುವ ಮುಂಚೆ ನೀವೂ ನಿಮ್ಮ ಸ್ಟಾಫ್ ರೂಮಿನ ವೇಳಾಪಟ್ಟಿಯ ಮುಂದೆ ನಿಲ್ಲಿ. ನಿಮ್ಮ ಸಾಲು, ಅವರ ಸಾಲು ಎರಡನ್ನೂ ಬೆರಳಿಟ್ಟು ನೋಡಿ, ಒಂದು ದಿನ ಗುರುತು ಹಾಕಿ.